ವರ್ಗ: ಇತರೆ

ಸೊಲ್ಲಾಪುರದ ಹಳೇ ಗಿರಣಿಯ ಮೈದಾನ.
ಫೆಬ್ರುವರಿಯ ಮೊದಲ ಐತವಾರ, ವರ್ಷಕ್ಕೊಮ್ಮೆಯ ಕೂಟ,
ನಲವತ್ತೊಂದು ಕಾರು.
ನಲವತ್ತೊಂದನೆಯದು ನಮ್ಮದು,
ಗೇಟಿನೊಳಗೆ ನೂಕಿಸಿಕೊಂಡು ಬಂದದ್ದು.

ನೂಕಿದವರು ಮೆಕ್ಯಾನಿಕ್ ಖ್ವಾಜಾಸಾಬ್, ಚಹಾದ ಹುಡುಗ,
ಮತ್ತು ಬ್ಯೂಕಿನ ಯಜಮಾನರು,
ಬಿಳಿ ಕೈಗವಸು ಬಿಚ್ಚಿ ಕಿಸೆಗಿಟ್ಟುಕೊಂಡು.
ನಾನು ಸ್ಟಿಯರಿಂಗು ಹಿಡಿದು ಕೂತಿದ್ದೆ
ಪರೀಕ್ಷೆಗೆ ತಡವಾಗಿ ಬಂದವಳ ಹಾಗೆ.
ಪಕ್ಕದಲ್ಲಿ ನೆಗೆಣ್ಣಿ ನೀಲಗಂಗಾ, ತೊಡೆಯ ಮೇಲೆ ಬುತ್ತಿ ಗಂಟು,
"ಚೋಕ್ ಎಳಿ ಅಕ್ಕಾ, ಚೋಕ್!"
ಚೋಕಿನ ಗುಬುಟು ಆಗಲೇ ಕಿತ್ತು
ಎಲ್ಲೋ ಕಾಲಬುಡಕ್ಕೆ ಬಿದ್ದಿತ್ತು.

ಮೇಜಿನ ಹಿಂದಿನವರು ಮರಾಠಿಯಲ್ಲಿ ಕೇಳಿದರು:
ಗಾಡಿ ಯಾವ ಸಾಲಿನದು?
ಎರಡೂ ಭಾಷೆ ಸಲೀಸಾಗಿ ಆಡುವ ಮೇಡಮ್ಮು ನಾನು,
ಲೆಕ್ಕ ಮಾತ್ರ ಬಾಯಿಗೆ ಬರುವುದು ಕನ್ನಡದಲ್ಲೇ.
"ಅರವತ್ತಾರು."
ಅವರು ತಲೆಯೆತ್ತದೆ ಬರೆದುಕೊಂಡು,
"ನಮ್ಮವ್ವ ಮೈಂದರ್ಗಿಯಾಕಿರಿ" ಅಂದರು.
ವರ್ಗದ ಅಂಕಣದಲ್ಲಿ ಪೆನ್ನು ನಿಂತಿತು.
ವಿಂಟೇಜಿಗೆ ವಯಸ್ಸು ಸಾಲದು.
ಕ್ಲಾಸಿಕ್ಕಿಗೆ ಬಂಪರು ಬೇರೆ ಗಾಡಿಯದು,
ಬಣ್ಣ, ಶಾಲೆಯ ಕಿಟಕಿಗೆ ಬಳಿದು ಉಳಿದ ಹಸಿರು.
ಇತರೆ, ಅಂತ ಬರೆದರು.

ಡಾಡ್ಜ್ ಒಂದು, ಊಟವಾದ ಗೌಡರ ಹಾಗೆ ನೆರಳಿನಲ್ಲಿ.
ಮಾರಿಸ್ ಮೈನರಿನ ಪಕ್ಕೆಯಿಂದ ತಿರುವು ತೋರುವ ಪುಟ್ಟ ಕೈ
ಟಕ್ಕನೆದ್ದು, ದೀಪ ಹೊತ್ತಿಸಿ, ಮಲಗುತ್ತಿತ್ತು.
ಮುದುಕನೊಬ್ಬ ಮಕ್ಕಳಿಗಾಗಿ ಇಪ್ಪತ್ತು ಸಲ ಅದನ್ನು ಎಬ್ಬಿಸಿದ,
ಮಕ್ಕಳೆಲ್ಲ ಐಸ್‌ಫ್ರೂಟಿಗೆ ಓಡಿದ ಮೇಲೆ
ಇನ್ನೊಂದು ಸಲ.
"ನಾ ಹುಟ್ಟಿದ್ದ ಈ ಸೀಟಿನ ಮ್ಯಾಲ" ಅಂದ
ಲ್ಯಾಂಡ್‌ಮಾಸ್ಟರಿನ ಗಡ್ಡದವನು, ಸ್ಪ್ರಿಂಗು ಒತ್ತಿ ತೋರಿಸುತ್ತ.
"ದವಾಖಾನಿ ಇನ್ನೂ ಎರಡು ಮೈಲಿ ಇತ್ತಂತ."

ನಮ್ಮ ಹೆರಾಲ್ಡಿನ ಬಾನೆಟ್ಟು ಮುಂದಕ್ಕೆ ಬಾಗುತ್ತದೆ,
ದೀಪ, ಮಡ್‌ಗಾರ್ಡು ಸಮೇತ
ಇಡೀ ಮೋರೆಯನ್ನೇ ಕಳಚಿಟ್ಟ ಹಾಗೆ.
ಎತ್ತಿದ್ದೇ ತಡ, ಜನ.
ಖ್ವಾಜಾಸಾಬ್ ಬೆರಳಿಟ್ಟು ಓದಿದ:
"ಇದು ಟ್ರ್ಯಾಕ್ಟರಿಂದು. ಇದು ಹೊಲಿಗಿ ಮಷೀನಿಂದು.
ಇದು ಏನಂತ ನನಗೂ ಗೊತ್ತಿಲ್ರಿ,
ತಗದ್ರ ಗಾಡಿ ನಿಂದರತೈತಿ."
ಬ್ಯೂಕಿನವರು ಬಗ್ಗಿದರು.
ಬಹಳ ಹೊತ್ತು ಏಳಲಿಲ್ಲ.
ಎದ್ದಾಗ ಮೂಗಿನ ಮೇಲೆ ಗ್ರೀಸು,
ಯಾರೂ ಹೇಳಲಿಲ್ಲ.
ಹಾಗೇ ಹೋಗಿ ಮೊದಲ ಬಹುಮಾನ ತೆಗೆದುಕೊಂಡರು.

ಸುಟ್ಟ ಸೀತನಿ, ಶೇಂಗಾ ಹಿಂಡಿ, ಬೆಲ್ಲ.
ಡಾಡ್ಜಿನ ಫುಟ್‌ಬೋರ್ಡಿನ ಮೇಲೆ ಕೂತು ತಿಂದೆವು.
ಅಂಗೈಗೆ ಮಸಿ, ಆಯಿಲ್ಲು,
ಯಾವುದು ಯಾವುದೆಂದು ನೋಡಲಿಲ್ಲ.

ಖ್ವಾಜಾಸಾಬ್ ಮಗಳ ಮನೆಗೆಂದು ಅಲ್ಲೇ ಉಳಿದ.
ನಾವು ಅಕ್ಕಲಕೋಟೆಯ ದಾರಿ ಹಿಡಿದಾಗ ಹೊತ್ತು ಮುಳುಗಿತ್ತು.
ಕುಂಭಾರಿ ದಾಟಿದ ಮೇಲೆ ಬಲಗಣ್ಣು ಹೋಯಿತು,
ವಳಸಂಗ ಬರುವುದರೊಳಗೆ ಎಡಗಣ್ಣು.
ನೀಲಗಂಗಾ ಮೊಬೈಲಿನ ಬೆಳಕನ್ನು ಕಿಟಕಿಯಾಚೆ ಚಾಚಿದಳು.
ಮುಂದೆ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರಾಲಿ,
ಹಿಂದೆ ಕೆಂಪು ದೀಪದ ಬದಲು
ದಾರಕ್ಕೆ ತೂಗಿಬಿಟ್ಟ ಒಂದು ಸಿ.ಡಿ.

ನಮ್ಮ ಚೂರು ಬೆಳಕು ಅದಕ್ಕೆ ತಗುಲಿ
ಏಳು ಬಣ್ಣವಾಗಿ ನಮಗೇ ಮರಳಿತು.
ಅದು ಕುಣಿದರೆ ಗುಂಡಿ.
ಅದು ವಾಲಿದರೆ ತಿರುವು.
ಮೂರನೆಯ ಗೇರು, ಕಬ್ಬಿನ ರವದಿಯ ವಾಸನೆ,
ಕೆಳಗೆ ಎಂಜಿನ್ನು ತನ್ನಷ್ಟಕ್ಕೆ ಗೊಣಗುತ್ತ
(ಅದು ಚೆನ್ನಾಗಿದೆ ಅಂತ ಅರ್ಥ).

ಕಾರ್ಖಾನೆಯ ಕವಲಿನಲ್ಲಿ ಟ್ರ್ಯಾಕ್ಟರು ನಿಂತಿತು.
ಹುಡುಗ ಇಳಿದು ಬಂದ, ಬಯ್ಯಲಿಕ್ಕೆ ಅಂದುಕೊಂಡೆ.
ಹೆರಾಲ್ಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ
"ಬಾಗಲಾ ಒಮ್ಮಿ ತಗದು ಹಾಕ್ಲೇನ್ರಿ?" ಎಂದ.
ತೆಗೆದ. ಹಾಕಿದ. ಸದ್ದಿಗೆ ಕಿವಿಗೊಟ್ಟ.
ಎರಡು ಗಳ ಕಬ್ಬು, ಆ ಸಿ.ಡಿ.ಯನ್ನೂ ಬಿಚ್ಚಿ ಕೊಡಬಂದ,
"ನಿನಗ ಬೇಕಲ್ಲೋ ತಮ್ಮಾ" ಅಂತ
ಕಬ್ಬಷ್ಟೇ ತೆಗೆದುಕೊಂಡೆವು.

ಉಳಿದ ಎರಡು ಮೈಲಿ ಬೆಳದಿಂಗಳಿನಲ್ಲಿ, ನಡಿಗೆಯ ವೇಗ.

ಅಂಗಳದಲ್ಲಿ ಕೀಲಿ ತಿರುಗಿಸಿದ ಮೇಲೂ
ಬಿಸಿ ಕಬ್ಬಿಣ ಟಿಕ್, ಟಿಕ್ ಅನ್ನುತ್ತಿತ್ತು.
ಇಬ್ಬರೂ ಇಳಿಯಲಿಲ್ಲ.
ಕಬ್ಬು ಮುಗಿಯುವ ತನಕ ಕೂತೆವು, ಸಿಪ್ಪೆ ಕಿಟಕಿಯಾಚೆ.
ನೀಲಗಂಗಾ ಬುತ್ತಿಯ ಬಟ್ಟೆ ಕೊಡವಿದಳು.
ಸೀತನಿಯ ನಾಲ್ಕು ಕಾಳಿನ ಜೊತೆ
ಚೋಕಿನ ಗುಬುಟು ಉರುಳಿತು.